ಶಿರಸಿಲಿ ಆಕ್ಸಿಜನ್ ಮೆಷಿನ್ ಬಾಡಿಗೆ: ಸರ್ವಿಸ್ ಹೆಂಗಿದೆ, ತಗೊಳ್ಳೋವಾಗ ಏನು ನೋಡ್ಕೋಬೇಕು

ಆಯಿಗೆ ಸಿಒಪಿಡಿ, ಅಂದ್ರೆ ಉಸಿರಿನ ದಾರಿ ಕಿರಿದಾಗೋ ದೀರ್ಘಕಾಲದ ಪುಪ್ಪುಸದ ಕಾಯಿಲೆ. ಬೀಡಿ ಸಿಗರೇಟು ಮುಟ್ಟಿದವಳಲ್ಲ, ಅಡುಗೆ ಒಲೆ, ಬಚ್ಚಲ ಒಲೆ, ಸುಗ್ಗಿ ಬಂತು ಅಂದ್ರೆ ಅಡಿಕೆ ಬೇಯ್ಸೋ ಒಲೆ, ಆಯುಷ್ಯವೆಲ್ಲ ಹೊಗೆ ಕುಡಿದದ್ದೇ ಆಯ್ತು. ಡಾಕ್ಟ್ರು ಎಬಿಜಿ (ರಕ್ತದಲ್ಲಿನ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅಳೆಯೋ ಪರೀಕ್ಷೆ) ಮಾಡ್ಸಿ ನಿಮಿಷಕ್ಕೆ 1 ಲೀಟರ್ ಆಕ್ಸಿಜನ್, ದಿನಕ್ಕೆ ಕಮ್ಮಿ ಅಂದ್ರೂ 15 ತಾಸು ಅಂತ ಬರೆದುಕೊಟ್ರು. ಶಿರಸಿ ಪೇಟೆಲಿರೋ ಒಂದು ಸರ್ಜಿಕಲ್ ಅಂಗಡಿಯಿಂದ ನಿಮಿಷಕ್ಕೆ 5 ಲೀಟರ್ ತನಕ ಕೊಡೋ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸೋ ಮೆಷಿನ್) ಬಾಡಿಗೆಗೆ ತಂದ್ವಿ. ಸರ್ವಿಸ್ ತುಂಬಾ ಚಲೋ ಇದೆ, ಅನುಮಾನ ಇಲ್ದೆ ಆ ಅಂಗಡಿಗೆ ಹೋಗಬಹುದು.

ಚಲೋ ಅಂದಿದ್ದು ಯಾಕೆ ಅಂದ್ರೆ, ಮೊದ್ಲು ಕೇಳಿದ್ದೇ ಡಾಕ್ಟರ್ ಚೀಟಿ. ಅದಿಲ್ದೆ ಮೆಷಿನ್ ಕೊಡೋದೇ ಇಲ್ವಂತೆ. ಮೆಷಿನ್ ತಂದ ಹುಡುಗ ಅನಲೈಸರ್ ಹಾಕಿ ಎದುರಿಗೇ ತೋರಿಸಿದ, 93 ಪರ್ಸೆಂಟ್ ಆಕ್ಸಿಜನ್ ಬರ್ತಿತ್ತು. ಈ ಮೆಷಿನ್ ಒಳಗೆ ಜಿಯೋಲೈಟ್ ಹರಳು ಇರ್ತವೆ, ಅವು ಗಾಳಿಲಿರೋ ನೈಟ್ರೋಜನ್ ಹಿಡ್ಕೊಂಡು ಆಕ್ಸಿಜನ್ ಬಿಡ್ತವೆ, ಆದ್ರೆ ನೀರಿನ ತೇವ ಕುಡಿದ್ರೆ ಹಾಳಾಗ್ತವೆ. ನಮ್ಮ ಕಡೆ ಮಳೆಗಾಲದಲ್ಲಿ ಮೂಲೆಲಿ ಸುಮ್ನೆ ಬಿದ್ದಿದ್ದ ಮೆಷಿನ್ ಆದ್ರೆ ಗಾಳಿ ಬುಸ್ ಅಂತ ಬರ್ತದೆ, ಆಕ್ಸಿಜನ್ ಮಾತ್ರ ಬೇಕಾದಷ್ಟು ಇರೋದಿಲ್ಲ. ಇದಕ್ಕೂ ಮುಂಚೆ ಬೇರೆ ಊರಿನ ಒಬ್ಬರು ಕೊಟ್ಟ ಮೆಷಿನ್ನಿಗೆ ಹಳದಿ ಲೈಟ್ ಹೋಗ್ಲೇ ಇಲ್ಲ, ಕೇಳಿದ್ರೆ 'ಅದೆಲ್ಲ ಮಾಮೂಲು' ಅಂದ್ರು. ಮಾಮೂಲಲ್ಲ, ಶುದ್ಧತೆ ಇಳಿದದ್ದಕ್ಕೇ ಅದು ಹತ್ತೋದು. ಆಮೇಲೆ ಈ ಹುಡುಗ ಬೆಂಕಿಯ ಭಯಕ್ಕೆ ದೇವರ ಕೋಣೆಯ ದೀಪ ಎಲ್ಲಿ, ಒಲೆ ಎಷ್ಟು ದೂರ ಅಂತ ಮನೆಯೆಲ್ಲ ತಿರುಗಿ ನೋಡಿ ಮೆಷಿನ್ ಜಾಗ ತಾನೇ ಬದಲಿಸಿದ. ಮೂಗು ಒಣಗ್ತದೆ ಅಂತ ವ್ಯಾಸಲಿನ್ ಹಚ್ಚಬೇಡಿ, ನೀರಿನ ಜೆಲ್ ಹಚ್ಚಿ ಅಂದ.

ಇನ್ನು ಮುಖ್ಯ ವಿಷಯ. ಮೆಷಿನ್ ಬಂದದ್ದೇ ಆಯಿ ತಕರಾರು: "ಯಂಗೆ ದಮ್ಮೇ ಇಲ್ಲೆ ತಮಾ, ಇದೆಂತಕ್ಕೆ?" ದಮ್ಮು ಅಂದ್ರೆ ಉಸಿರು ಕಟ್ಟಿದಂಗೆ ಆಗೋದು. ಬೆರಳಿಗೆ ಹಾಕಿದ ಆಕ್ಸಿಮೀಟರ್ ರಕ್ತದ ಆಕ್ಸಿಜನ್ 84 ಪರ್ಸೆಂಟ್ ತೋರಿಸ್ತಿದೆ, ಇವಳು ಆರಾಮಾಗಿ ಹೂಬತ್ತಿ ಹೊಸೀತಾ ಕೂತಿದ್ದಾಳೆ. ಬಹಳ ಮನೆಗಳಲ್ಲಿ ಮೆಷಿನ್ ಮೂಲೆ ಸೇರೋದು ಇಲ್ಲೇ. ನಮ್ಮ ಕುತ್ತಿಗೆಯ ಎರಡೂ ಬದಿಲಿ, ಮಿದುಳಿಗೆ ಹೋಗೋ ದೊಡ್ಡ ರಕ್ತನಾಳ ಕವಲೊಡೆಯೋ ಜಾಗದಲ್ಲಿ, ಅಕ್ಕಿಕಾಳಿನಷ್ಟು ಸಣ್ಣ ಗಂಟು ಇದೆ, ಕೆರೋಟಿಡ್ ಬಾಡಿ ಅಂತಾರೆ. ರಕ್ತದಲ್ಲಿ ಆಕ್ಸಿಜನ್ ಕಮ್ಮಿ ಆದ ಕೂಡ್ಲೇ ಅದರ ಕೋಶಗಳ ಪೊಟ್ಯಾಸಿಯಂ ಚಾನೆಲ್ ಮುಚ್ಕೊಂಡು, ಕ್ಯಾಲ್ಸಿಯಂ ಒಳಗೆ ನುಗ್ಗಿ, ನರದ ಮೂಲಕ ಮಿದುಳಿಗೆ 'ಜೋರಾಗಿ ಉಸಿರಾಡು' ಅನ್ನೋ ಸುದ್ದಿ ಹೋಗ್ತದೆ. ಈ ಭಾಗದ ಕೆಲಸ ತೋರಿಸಿದ್ದಕ್ಕೆ ಹೇಮನ್ಸ್ ಅನ್ನೋ ಬೆಲ್ಜಿಯಂ ವಿಜ್ಞಾನಿಗೆ 1938ರ ನೊಬೆಲ್ ಬಂತು. ಆಕ್ಸಿಜನ್ ಕೊರತೆ ಕೆಲವು ದಿನ ಮುಂದುವರಿದ್ರೆ ಈ ಕೋಶಗಳು ಇನ್ನೂ ಚುರುಕಾಗ್ತವೆ, ಗಂಟೂ ದೊಡ್ಡದಾಗ್ತದೆ. ಆದ್ರೆ ವರ್ಷಗಟ್ಲೆ ಹಂಗೇ ಇದ್ರೆ ಉಸಿರು ಜೋರು ಮಾಡೋ ಆ ಸ್ಪಂದನ ಮೊಂಡಾಗಬಹುದು, ಆಂಡಿಸ್ ಬೆಟ್ಟದ ಮೇಲೇ ಹುಟ್ಟಿ ಬೆಳೆದವರಲ್ಲಿ ಇದನ್ನ ಚೆನ್ನಾಗಿ ಗುರುತಿಸಿದ್ದಾರೆ. ದಮ್ಮು ಅನ್ನೋದು ಆಕ್ಸಿಜನ್ ಒಂದರ ಲೆಕ್ಕವೂ ಅಲ್ಲ. ಹಂಗಾಗಿ 'ಆರಾಮಿದ್ದೆ' ಅನ್ನೋ ಮಾತು ನಂಬಿ ಮೆಷಿನ್ ಬಂದ್ ಮಾಡಬೇಡಿ ದಯವಿಟ್ಟು.

ಕುತ್ತಿಗೆಯ ಆ ಗಂಟು ಸುಮ್ಮನಾದ್ರೂ ಉಳಿದ ಅಂಗಗಳು ಸುಮ್ಮನಿರೋದಿಲ್ಲ. ಪುಪ್ಪುಸದ ರಕ್ತನಾಳಗಳು ಬಿಗೀತವೆ, ಹೃದಯದ ಬಲಭಾಗಕ್ಕೆ ಭಾರ ಬೀಳ್ತದೆ, ಕಾಲು ಬಾವು ಬರ್ತದೆ. ಕಿಡ್ನಿ ಎರಿತ್ರೋಪೊಯೆಟಿನ್ ಅನ್ನೋ ಹಾರ್ಮೋನ್ ಜಾಸ್ತಿ ಮಾಡಿ ಕೆಂಪು ರಕ್ತಕಣ ಏರಿಸ್ತದೆ, ರಿಪೋರ್ಟಲ್ಲಿ ಹಿಮೋಗ್ಲೋಬಿನ್ 17 ನೋಡಿ ನಮ್ಮ ನೆಂಟರೆಲ್ಲ 'ರಕ್ತ ಭರ್ಜರಿ ಇದೆ' ಅಂತ ಖುಷಿಪಟ್ಟಿದ್ರು, ಅದು ಕೊರತೆಯ ಗುರುತು ಅಂತ ಡಾಕ್ಟ್ರು ಹೇಳಿದ ಮೇಲೇ ಗೊತ್ತಾಗಿದ್ದು. ಕೋಶದ ಒಳಗೆ ಆಕ್ಸಿಜನ್ ಕೊರತೆ ಗುರುತಿಸಿ ಎರಿತ್ರೋಪೊಯೆಟಿನ್ ಥರದ್ದನ್ನ ಏರಿಸೋ ಎಚ್‌ಐಎಫ್ ವ್ಯವಸ್ಥೆ ಬಿಡಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಸಿಕ್ಕಿದೆ. 15 ತಾಸಿನ ಲೆಕ್ಕವೂ ಅಂದಾಜಿನದ್ದಲ್ಲ, ಆಯಿಯಂಥ ರೋಗಿಗಳಲ್ಲಿ ಅಷ್ಟು ಹೊತ್ತು ಕೊಟ್ರೆ ಆಯಸ್ಸು ಹೆಚ್ತದೆ ಅಂತ 1981ರ ಬ್ರಿಟನ್ ಅಧ್ಯಯನದಲ್ಲಿ ಕಂಡದ್ದು.

ನಿಮಿಷಕ್ಕೆ ಎಷ್ಟು ಲೀಟರ್ ಅಂತ ತೋರಿಸೋ ಫ್ಲೋ ಮೀಟರಿನ 1ರ ಗೆರೆ ಮೇಲೆ ಹುಡುಗ ಕೆಂಪು ಟೇಪ್ ಅಂಟಿಸಿ ಹೋಗಿದ್ದಾನೆ, ಅದು ನಂಗೆ ಭಾರೀ ಇಷ್ಟ ಆಯ್ತು. ಪ್ರೀತಿಯಿಂದ 3ಕ್ಕೋ 4ಕ್ಕೋ ಏರ್ಸೋರು ಇರ್ತಾರೆ. ಇಂಥ ರೋಗಿಗಳಿಗೆ ಆಕ್ಸಿಮೀಟರಲ್ಲಿ ಗುರಿ ಸಾಧಾರಣ 88ರಿಂದ 92 ಪರ್ಸೆಂಟ್, ಅದಕ್ಕಿಂತ ಮೇಲೆ ಹೋದ್ರೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರಬಹುದು. ಉಸಿರಾಟದ ಪ್ರೇರಣೆ ತಗ್ಗೋದು ಒಂದು ಕಾರಣ, ಪುಪ್ಪುಸದಲ್ಲಿ ಕೆಟ್ಟ ಭಾಗಕ್ಕೂ ರಕ್ತ ಹರಿಯೋಕೆ ಶುರುವಾಗೋದು ಅದಕ್ಕಿಂತ ದೊಡ್ಡ ಕಾರಣ.

ಖರ್ಚು ಅಂದ್ರೆ ಬಾಡಿಗೆ ಜೊತೆ ಕರೆಂಟು. ನಮ್ಮ ಮೆಷಿನ್ 350 ವ್ಯಾಟ್, 15 ತಾಸಿಗೆ 5 ಯೂನಿಟ್ ಮೇಲೆ ಹೋಗ್ತದೆ. ಶಬ್ದ ಇದೆ, ಪಕ್ಕದ ಕೋಣೆಲಿಟ್ಟು ಉದ್ದ ಪೈಪ್ ಎಳೆದ್ವಿ. ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು, ಆಷಾಢದಲ್ಲಿ ಅದೇ ದೊಡ್ಡ ಕೆಲಸ, ಅದಕ್ಕೇ ಎರಡನೇ ಫಿಲ್ಟರ್ ಕೇಳಿ ಇಟ್ಕೊಳ್ಳಿ. ಒಂದೇ ಕೊರತೆ: ಕರೆಂಟ್ ಹೋದಾಗ ಅಂತ ಕೊಟ್ಟ ಸಣ್ಣ ಸಿಲಿಂಡರ್ ಖಾಲಿ ಆದ್ರೆ ತುಂಬಿ ತರೋದು ತಡ, ಭಾನುವಾರ ಅಂಗಡಿ ಬೇರೆ ಬಾಗಿಲು ಹಾಕಿರ್ತದೆ. ಅಂಗಡಿಯವರೇ, ಮರ ಬಿದ್ದು ದಿನಗಟ್ಲೆ ಲೈನ್ ಇಲ್ದಿರೋ ನಮ್ಮಂಥ ಹಳ್ಳಿಯವರಿಗೆ ಜೂನಿಂದ ಸೆಪ್ಟೆಂಬರ್ ತನಕ ಎರಡೆರಡು ಸಿಲಿಂಡರ್ ಕೊಡೋ ಹಂಗೆ ಮಾಡಿ, ಅದಕ್ಕೆ ಬಾಡಿಗೆ ಜಾಸ್ತಿ ತಗೊಂಡ್ರೂ ಕೊಡ್ತೇವೆ.