ಶಿವಮೊಗ್ಗದ ಒಂದು ವ್ಯಸನಮುಕ್ತಿ ಕೇಂದ್ರ: ಚಿಕಿತ್ಸೆಗೆ ಪೂರ್ಣ ಅಂಕ, ಕಾನೂನಿನ ಮಾಹಿತಿಗೆ ಇಲ್ಲ

ಗಾಂಜಾ ಚಟ ಬಿಡಿಸಲು ನನ್ನ ತಂಗಿಯ ಮಗನನ್ನು ಶಿವಮೊಗ್ಗದ ಖಾಸಗಿ ವ್ಯಸನಮುಕ್ತಿ ಕೇಂದ್ರವೊಂದಕ್ಕೆ ಸೇರಿಸಿದ್ದೆವು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಇಂಥ ಕೇಂದ್ರ ಹುಡುಕಿಕೊಂಡು ಬರುವವರಿಗೆ ಅನುಕೂಲವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಚಿಕಿತ್ಸೆ ನಿಜಕ್ಕೂ ಚೆನ್ನಾಗಿದೆ. ಹೆರಾಯಿನ್ ಚಟಕ್ಕೆ ಮೆಥಡೋನ್‌ನಂಥ ಬದಲಿ ಔಷಧಿಯಿದೆ. ಗಾಂಜಾಕ್ಕಾಗಲಿ, ಕೊಕೇನ್‌ನ ಸೇದುವ ರೂಪವಾದ ಕ್ರ್ಯಾಕ್‌ಗಾಗಲಿ ಅಂಥದ್ದಿಲ್ಲದ ಕಾರಣ ಆಪ್ತಸಮಾಲೋಚನೆಯೇ ಮುಖ್ಯ ಆಸರೆ. ಇಲ್ಲಿನ ಸಮಾಲೋಚಕಿ ಹುಡುಗನ ಕೈಗೆ ನೋಟ್‌ಬುಕ್ ಕೊಟ್ಟು, ಹಿಂದೆ ಯಾವ ಹೊತ್ತಿನಲ್ಲಿ ಸೇದಬೇಕೆನಿಸುತ್ತಿತ್ತು, ಜೊತೆಗೆ ಯಾರಿರುತ್ತಿದ್ದರು, ಜೇಬಿನಲ್ಲಿ ಎಷ್ಟು ಹಣವಿರುತ್ತಿತ್ತು ಎಂಬುದನ್ನೆಲ್ಲ ಬರೆಸಿದರು. ಅಡಿಕೆ ಸುಲಿತದ ಕೂಲಿ ಕೈಗೆ ಬಂದ ಸಂಜೆಗಳಲ್ಲೇ ಆಸೆ ಕೆರಳುತ್ತಿತ್ತೆಂದು ಅದರಿಂದ ತಿಳಿದು, ಈಗ ಕೂಲಿ ಅವನ ತಾಯಿಯ ಖಾತೆಗೆ ಹೋಗುತ್ತದೆ. ಬೈಗುಳ, ಹೊಡೆತ ಯಾವುದೂ ಇಲ್ಲ. ಊಟ ಸಾಧಾರಣ.

ಕೊರತೆಯಿರುವುದು ಕಾನೂನಿನ ಮಾಹಿತಿಯಲ್ಲಿ. ಪೊಲೀಸ್ ಕೇಸಿಗೆ ಹೆದರಿಯೇ ಮನೆಯವರು ಚಟವನ್ನು ಮುಚ್ಚಿಡುತ್ತಾರೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪದ ವಿಚಾರಣೆಯಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಇಷ್ಟು ಮಹತ್ವದ ಸಂಗತಿಯನ್ನು ಕೇಂದ್ರದವರು ನಮಗೆ ತಾವಾಗಿ ಹೇಳಲೇ ಇಲ್ಲ, ಮಾನ್ಯತಾ ಪತ್ರವನ್ನೂ ಕೇಳಿದ ಮೇಲಷ್ಟೇ ತೋರಿಸಿದರು.

ಶಿಕ್ಷೆಯನ್ನೇ ನೆಚ್ಚಿಕೊಂಡ ನೀತಿ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಅಮೆರಿಕ ಸಾಕ್ಷಿ. ಅಲ್ಲಿನ 1986ರ ಕಾನೂನು ಕೇವಲ 5 ಗ್ರಾಂ ಕ್ರ್ಯಾಕ್‌ಗೂ 500 ಗ್ರಾಂ ಕೊಕೇನ್ ಪುಡಿಗೂ ಒಂದೇ ಕನಿಷ್ಠ ಶಿಕ್ಷೆ, ಅಂದರೆ 5 ವರ್ಷ ಜೈಲು, ವಿಧಿಸಿತು; ಅದರ ಏಟು ಹೆಚ್ಚಾಗಿ ಬಿದ್ದದ್ದು ಕಪ್ಪು ಜನರ ಮೇಲೆ. 2010ರಲ್ಲಿ 100ಕ್ಕೆ 1ರ ಆ ಅನುಪಾತವನ್ನು 18ಕ್ಕೆ 1ರಂತೆ ಇಳಿಸಿದರೂ ಸಮ ಮಾಡಲಿಲ್ಲ. ಚಟಕ್ಕೆ ಹಣ ಹೊಂದಿಸಲು ಕಳ್ಳತನಕ್ಕಿಳಿದವನನ್ನೂ ಮಾರಾಟದ ಜಾಗಕ್ಕಾಗಿ ಹೊಡೆದಾಡುವ ದಂಧೆಕೋರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪೆಂದು ನಾನು ಬಲವಾಗಿ ನಂಬುತ್ತೇನೆ. ಮೊದಲನೆಯವನನ್ನು ಆ ದಾರಿಯಿಂದ ತಿರುಗಿಸಬಲ್ಲವು ಇಂಥ ಕೇಂದ್ರಗಳೇ.

ಆದ್ದರಿಂದ ಈ ಕೇಂದ್ರಕ್ಕೆ ಧೈರ್ಯವಾಗಿ ಹೋಗಿ. ಮುಂಗಡ ಕಟ್ಟುವ ಮೊದಲೇ ಮಾನ್ಯತಾ ಪತ್ರ ನೋಡಿ, ದಾಖಲಾದ ದಿನಾಂಕವಿರುವ ಚೀಟಿ ಪಡೆದುಕೊಳ್ಳಿ. ಕೇಸು ಆಗಲೇ ದಾಖಲಾಗಿದ್ದರೆ ವಕೀಲರನ್ನೂ ಕಾಣಿ. ಖರ್ಚು ಭರಿಸಲಾಗದವರು 14446 ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.