ಉಪ್ಪರಿಗೆ ಮೇಲಿನ ಇಂಗ್ಲಿಷ್ ಕ್ಲಾಸು: ಎಂಟು ಭಾನುವಾರ ಹೋಗಿ ಬಂದ ಮೇಲೆ

ತುಮಕೂರಿನ ಎಸ್‌.ಎಸ್‌. ಪುರಂನಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಭಾನುವಾರ ಬೆಳಿಗ್ಗೆ ಕ್ಲಾಸು ನಡೆಸುತ್ತಾರೆ. ಅವರ ಮನೆಯ ಮಹಡಿ ಮೇಲೆ. ಹೊರಗೆ ಬೋರ್ಡು ಇಲ್ಲ, ಕ್ಲಾಸಿಗೆ ಹೆಸರೂ ಇಲ್ಲ. ಎಂಟು ಭಾನುವಾರ, ದಿನಕ್ಕೆ ಎರಡು ಗಂಟೆ, ಒಟ್ಟು 1,200 ರೂಪಾಯಿ. ಕಲಿಸುವುದು ಒಂದೇ ವಿಷಯ: ಇಂಗ್ಲಿಷ್ ಪದದ ಮುಂದೆ ಅಂಟಿಕೊಂಡು ಅರ್ಥ ಬದಲಿಸುವ ತುಣುಕುಗಳು. ಪ್ರಿಫಿಕ್ಸ್ ಅಂತಾರಲ್ಲ, ಅದು. ಒಂದು ತುಣುಕು ಹಿಡಿದರೆ ಅದರ ಹಿಂದೆ ಹತ್ತು ಹದಿನೈದು ಪದ ತಾವಾಗಿ ಬರುತ್ತವೆ ಅನ್ನುವುದು ಅವರ ನಂಬಿಕೆ. ಎಂಟು ವಾರ ತಪ್ಪದೆ ಹೋದವಳು ನಾನು. ಸೇರಬೇಕು ಅಂತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಗುಬ್ಬಿ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ. ಈಗ ತುಮಕೂರಿನ ಒಂದು ಲ್ಯಾಬಿನಲ್ಲಿ ಕೆಲಸ. ರಕ್ತ ತೆಗೆಯುವುದು, ಮಷಿನ್ ನೋಡಿಕೊಳ್ಳುವುದು ಎಲ್ಲ ಸಲೀಸು. ರಿಪೋರ್ಟ್ ಟೈಪ್ ಮಾಡುವಾಗ ಮಾತ್ರ ಎದೆ ಡವಡವ ಅನ್ನುತ್ತಿತ್ತು. ಕಳೆದ ವರ್ಷ ಒಬ್ಬ ಅಜ್ಜನ ಶುಗರ್ 52 ಬಂತು. 70ಕ್ಕಿಂತ ಕೆಳಗೆ ಹೋದರೆ ಅದು ಹೈಪೊಗ್ಲೈಸೀಮಿಯ, ಅಂದರೆ ಸಕ್ಕರೆ ಕಡಿಮೆ. ನಾನು ಟೈಪ್ ಮಾಡಿದ್ದು ಹೈಪರ್ ಅಂತ. ಸಕ್ಕರೆ ಜಾಸ್ತಿ! ಪೂರ್ತಿ ಉಲ್ಟಾ. ರಿಪೋರ್ಟ್ ಆಚೆ ಹೋಗುವ ಮೊದಲು ನಮ್ಮ ಸೀನಿಯರ್ ಅಕ್ಕನ ಕಣ್ಣಿಗೆ ಬಿತ್ತು. “ನಂಬರ್ ಸರಿಯಾಗಿದೆ ಕಣೇ, ಪದ ನೋಡು” ಅಂದರು. ಬೈಯಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಷ್ಟು ಸಲ ಉರು ಹೊಡೆದರೂ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಈ ಕ್ಲಾಸಿನ ವಿಷಯ ಹೇಳಿದ್ದೂ ಅದೇ ಅಕ್ಕ.

ಮೊದಲ ದಿನ ನಾವು ಹನ್ನೊಂದು ಜನ. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದುವ ಹುಡುಗರು ನಾಲ್ವರು, ಪಿಯುಸಿ ಮಕ್ಕಳು, ಬಟವಾಡಿಯಿಂದ ಬರುವ ಒಬ್ಬ ಟೈಲರ್ ಆಂಟಿ. ಆಂಟಿಗೆ ಮಗಳ ಹೋಂವರ್ಕ್ ತಾವೇ ಹೇಳಿಕೊಡಬೇಕು ಅನ್ನುವ ಆಸೆ. ಮೇಷ್ಟ್ರು ಎ, ಬಿ, ಸಿ ಅಂತ ಶುರು ಮಾಡಲಿಲ್ಲ. ಬೋರ್ಡ್ ಮೇಲೆ ದೊಡ್ಡದಾಗಿ ‘ಮುಂಗಾರು, ಹಿಂಗಾರು’ ಅಂತ ಬರೆದರು. “ನಿಮ್ಮೂರಲ್ಲಿ ರಾಗಿ ಯಾವಾಗ ಬಿತ್ತುತ್ತಾರಮ್ಮ?” ಅಂತ ನನ್ನನ್ನೇ ಕೇಳಿದರು. ಮುಂಗಾರಲ್ಲಿ ಸಾರ್ ಅಂದೆ. “ಮುಂ ಅಂದರೆ ಮೊದಲು, ಹಿಂ ಅಂದರೆ ಆಮೇಲೆ. ಇಂಗ್ಲಿಷಿನ ಪ್ರಿ, ಪೋಸ್ಟ್ ಎರಡೂ ನಿನಗೆ ಬಂದುಬಿಟ್ಟವು” ಅಂದರು. ಪ್ರಿಪೇಯ್ಡ್, ಪೋಸ್ಟ್‌ಪೇಯ್ಡ್ ಸಿಮ್ಮು. ಪಿಯುಸಿಯ ಮೊದಲ ಅಕ್ಷರ ಪ್ರಿ ಯೂನಿವರ್ಸಿಟಿಯದು, ಯೂನಿವರ್ಸಿಟಿಗೆ ಹೋಗುವ ಮೊದಲಿನ ಓದು. ಸತ್ತ ಮೇಲೆ ಮಾಡುವುದು ಪೋಸ್ಟ್‌ಮಾರ್ಟಂ. ಟೆಲಿಫೋನಿಗೆ ದೂರವಾಣಿ, ಟೆಲಿವಿಷನ್ನಿಗೆ ದೂರದರ್ಶನ ಅಂತ ನಾವು ಹೇಳುವಾಗಲೇ ಟೆಲಿ ಅಂದರೆ ದೂರ ಅಂತ ಗೊತ್ತಾಗಬೇಕಿತ್ತು. ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.

ಈ ಕ್ಲಾಸಿನ ದೊಡ್ಡ ಗುಣ ಇದೇ. ಬೇರೆ ಕಡೆ ನನಗೆ ಕನ್ನಡ ಮೀಡಿಯಂ ಅಂದರೆ ಏನೋ ಕೊರತೆ ಅನ್ನುವ ಹಾಗೆ ನೋಡಿದ್ದಾರೆ. ಇಲ್ಲಿ ಕನ್ನಡ ಬಲ್ಲವರಿಗೇ ಅನುಕೂಲ. ಪಿಯುಸಿ ಮಕ್ಕಳಲ್ಲಿ ಇಬ್ಬರು ಇಂಗ್ಲಿಷ್ ಮೀಡಿಯಂ. ಅವರಿಗಿಂತ ಟೈಲರ್ ಆಂಟಿಯೇ ಬೇಗ ಬೇಗ ಉತ್ತರ ಹೇಳುತ್ತಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೂರನೇ ಭಾನುವಾರ. ‘ಅಲ್ಲ’ ಅನ್ನುವ ಅರ್ಥ ಕೊಡುವ ಇನ್ ಅನ್ನುವ ತುಣುಕಿನ ಪಾಠ. ಕಂಪ್ಲೀಟ್ ಆಗದ್ದು ಇನ್‌ಕಂಪ್ಲೀಟ್. ಹಾಗಾದರೆ ಲೀಗಲ್ ಅಲ್ಲದ್ದು ಇನ್‌ಲೀಗಲ್ ಯಾಕಲ್ಲ, ಇಲ್ಲೀಗಲ್ ಯಾಕೆ? ರೆಗ್ಯುಲರ್ ಅಲ್ಲದ್ದಕ್ಕೆ ಎರಡು ಆರ್ ಯಾಕೆ? ನಾನು ಯಾವಾಗಲೂ ಒಂದೇ ಆರ್ ಬರೆದು ತಪ್ಪು ಮಾಡುತ್ತಿದ್ದ ಪದ ಅದು. ಮೇಷ್ಟ್ರು ಕಿಟಕಿಯ ಆಚೆ ಕೈ ತೋರಿಸಿ, “ಆ ಕಡೆ ಬೆಂಗಳೂರಿಗೆ ಹೋಗುವ ದೊಡ್ಡ ದಾರಿಗೆ ಏನಂತೀರಿ?” ಅಂದರು. ಹೆದ್ದಾರಿ. “ದೊಡ್ಡ ಮರ?” ಹೆಮ್ಮರ. “ದೊಡ್ಡ ಬಾಗಿಲು?” ಹೆಬ್ಬಾಗಿಲು. “ದೊಡ್ಡ ಜೇನು?” ಹೆಜ್ಜೇನು. ಒಂದೊಂದಾಗಿ ಬೋರ್ಡಿಗೆ ಬಂದವು. ಆಮೇಲೆ ಕೆಂಪು ಸೀಮೆಸುಣ್ಣ ತಗೊಂಡು ದ್ದ, ಮ್ಮ, ಬ್ಬ, ಜ್ಜೇ ಅನ್ನುವ ಒತ್ತಕ್ಷರಗಳಿಗೆ ಮಾತ್ರ ಸುತ್ತು ಹಾಕಿದರು. ಮೂಲ ಪದ ಯಾವ ಅಕ್ಷರದಿಂದ ಶುರುವಾಗುತ್ತೋ ಅದಕ್ಕೆ ಅಂಟಿದ ತುಣುಕಿನ ಕೊನೆ ಅದೇ ಅಕ್ಷರಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಇಲ್ಲೀಗಲ್, ಇಮ್ಮಾರಲ್, ಇರ್ರೆಗ್ಯುಲರ್ ಬರೆದು ಅಲ್ಲೂ ಜೋಡಿ ಅಕ್ಷರಗಳಿಗೆ ಸುತ್ತು ಹಾಕಿದರು. ಕ್ಲಾಸು ಪೂರ್ತಿ ಸುಮ್ಮನಾಯಿತು. ನನಗೆ ಮೈ ಜುಂ ಅಂದಿತು, ನಿಜವಾಗಿ. ಇಂಗ್ಲಿಷ್ ಮಾತಾಡುವವರ ನಾಲಿಗೆಯೂ ನಮ್ಮ ನಾಲಿಗೆಯ ಹಾಗೇ ಸುಲಭದ ದಾರಿ ಹುಡುಕುತ್ತೆ ಅಲ್ವಾ!

ಇಂಪಾಸಿಬಲ್‌ನಲ್ಲಿ ಎಂ ಬರುವುದೂ ಹಾಗೇ. ‘ಕಂತು’ ಅಂದಾಗ ಸೊನ್ನೆ ನ್ ಆಗುತ್ತೆ, ‘ಕಂಪು’ ಅಂದಾಗ ಮ್ ಆಗುತ್ತೆ. ಪಕಾರ ಹೇಳಬೇಕಾದರೆ ತುಟಿ ಮುಚ್ಚಲೇಬೇಕು. ಆ ದಿನದಿಂದ ಇವುಗಳ ಸ್ಪೆಲ್ಲಿಂಗು ನಾನು ತಪ್ಪಿಲ್ಲ. ಡಿಸಪಾಯಿಂಟ್‌ನಲ್ಲಿ ಒಂದು ಎಸ್, ಡಿಸ್ಸಾಟಿಸ್‌ಫೈಡ್‌ನಲ್ಲಿ ಎರಡು ಯಾಕೆ ಅಂತಲೂ ಗೊತ್ತಾಯಿತು. ಡಿಸ್ ತೆಗೆದು ನೋಡಿದರೆ ಮೊದಲನೆಯದರಲ್ಲಿ ಉಳಿಯುವುದು ಅಪಾಯಿಂಟ್, ಎರಡನೆಯದರಲ್ಲಿ ಉಳಿಯುವ ಪದವೇ ಎಸ್‌ನಿಂದ ಶುರು. ಅಷ್ಟೇ.

ಇನ್ನು ನನ್ನ ಹೈಪೊ, ಹೈಪರ್. ಐದನೇ ವಾರ ಮೇಷ್ಟ್ರನ್ನು ಕೇಳಿದೆ. ಅಜ್ಜನ ರಿಪೋರ್ಟಿನ ಕಥೆಯನ್ನೂ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, “ನಾವೀಗ ಎಲ್ಲಿ ಕೂತಿದ್ದೀವಮ್ಮ?” ಅಂದರು. ಮಹಡಿ ಮೇಲೆ ಸಾರ್. “ಹಳೇ ಕಾಲದವರು ಏನಂತಿದ್ದರು?” ಉಪ್ಪರಿಗೆ. ಸಂಸ್ಕೃತದಲ್ಲಿ ಉಪರಿ ಅಂದರೆ ಮೇಲೆ. ಗ್ರೀಕಿನ ಹೈಪರ್, ಲ್ಯಾಟಿನ್ನಿನ ಸೂಪರ್, ಈ ಉಪರಿ ಮೂರೂ ಒಂದೇ ಬೇರಿನವು. ಹಾಗೇ ಉಪ, ಗ್ರೀಕಿನ ಹೈಪೊ, ಲ್ಯಾಟಿನ್ನಿನ ಸಬ್ ಕೂಡ ಒಂದೇ ಮನೆಯವು. ಸಬ್ ರಿಜಿಸ್ಟ್ರಾರ್ ಆಫೀಸಿನ ಬೋರ್ಡಿನಲ್ಲಿ ಉಪ ನೋಂದಣಾಧಿಕಾರಿ ಅಂತ ಇರುತ್ತಲ್ಲ, ಕೆಳಗಿನ ದರ್ಜೆ. ಉಪ್ಪರಿಗೆಯಲ್ಲಿ ರಕಾರ ಇದೆ, ಹೈಪರ್‌ನಲ್ಲೂ ಇದೆ: ಮೇಲೆ. ಉಪದಲ್ಲಿ ಇಲ್ಲ, ಹೈಪೊದಲ್ಲೂ ಇಲ್ಲ: ಕೆಳಗೆ. ಈಗ ಥೈರಾಯ್ಡ್ ರಿಪೋರ್ಟ್ ಬಂದರೂ ನನಗೆ ಆ ಮನೆಯ ಮೆಟ್ಟಿಲು ಕಣ್ಣ ಮುಂದೆ ಬರುತ್ತದೆ.

ಅದೇ ದಿನ ಇನ್ನೊಂದು ಗೊಂದಲವೂ ಹೋಯಿತು. ಹೆರಿಗೆಗೆ ಮೊದಲಿನ ಆರೈಕೆಗೆ ಅಂತ ಗರ್ಭಿಣಿಯರಿಗೆ ಕೊಡುವ ಎಎನ್‌ಸಿ ಕಾರ್ಡಿನ ಆ್ಯಂಟಿನೇಟಲ್ ಬೇರೆ, ಆ್ಯಂಟಿಬಯಾಟಿಕ್‌ನ ಆ್ಯಂಟಿ ಬೇರೆ. ಟಿ ಆದ ಮೇಲೆ ಇ ಇದ್ದರೆ ‘ಮೊದಲು’, ಐ ಇದ್ದರೆ ‘ವಿರುದ್ಧ’. ಎರಡಕ್ಕೂ ಐ ಬರೆಯುವವರು ಎಷ್ಟು ಜನ ಇದ್ದಾರೋ. ನಾನೂ ಬರೆದಿದ್ದೇನೆ.

ಕೊರತೆಗಳನ್ನೂ ಹೇಳಬೇಕು. ಕೊಡುವ ಜೆರಾಕ್ಸ್ ನೋಟ್ಸು ತುಂಬ ಮಸುಕು, ಕೆಲವು ಸಾಲು ಓದಲಿಕ್ಕೇ ಆಗುವುದಿಲ್ಲ. ಆರನೇ ವಾರ ಒಂದೇ ದಿನ ಹನ್ನೆರಡು ಪ್ರಿಫಿಕ್ಸ್ ಓಡಿಸಿಬಿಟ್ಟರು, ಅದರಲ್ಲಿ ಅರ್ಧ ನನಗೆ ಈಗ ನೆನಪಿಲ್ಲ. ಹ್ಯಾಪಿಗೆ ಅನ್, ಕಂಪ್ಲೀಟಿಗೆ ಇನ್, ಆನೆಸ್ಟ್‌ಗೆ ಡಿಸ್ ಯಾಕೆ ಅಂದರೆ, ಓದುತ್ತಾ ಓದುತ್ತಾ ಬರುತ್ತೆ ಅನ್ನುತ್ತಾರೆ. ಅಭ್ಯಾಸಕ್ಕೆ ಒಂದಷ್ಟು ಪದಗಳ ಪಟ್ಟಿಯಾದರೂ ಕೊಡಬೇಕಿತ್ತು. ಮಾತಾಡಿಸುವ ಅಭ್ಯಾಸ ಇಲ್ಲವೇ ಇಲ್ಲ. ಇಂಟರ್‌ವ್ಯೂಗೆ ಇಂಗ್ಲಿಷ್ ಮಾತಾಡಬೇಕು ಅನ್ನುವವರು ಇಲ್ಲಿಗೆ ಬಂದು ಪ್ರಯೋಜನ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಬರೀ ತುಣುಕು ನೋಡಿ ಅರ್ಥ ಊಹಿಸಿದರೆ ಅಪಾಯವೂ ಇದೆ. ಗುಬ್ಬಿ ಬಸ್ಸಿನಲ್ಲಿ ಬರುವಾಗ ಮುಂದೆ ಪೆಟ್ರೋಲ್ ಟ್ಯಾಂಕರ್ ಹೋಗುತ್ತಿತ್ತು. ಹಿಂದುಗಡೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿತ್ತು. ಇನ್ ಅಂದರೆ ಅಲ್ಲ, ಹಾಗಾದರೆ ಬೆಂಕಿ ಹತ್ತಲ್ಲ ಅಂತಲೇ ಅರ್ಥ ಅಲ್ವಾ? ಪೆಟ್ರೋಲಿಗೆ! ಮುಂದಿನ ವಾರ ಕೇಳಿದಾಗ ಮೇಷ್ಟ್ರಿಗೆ ಬಹಳ ಖುಷಿಯಾಯಿತು. ಅಲ್ಲಿನ ಇನ್ ‘ಒಳಕ್ಕೆ’ ಅನ್ನುವ ಇನ್ನೊಂದು ತುಣುಕು, ಉರಿ ಹತ್ತಿಸುವುದು ಅನ್ನುವ ಪದದಿಂದ ಬಂದದ್ದು. ಇನ್‌ಫ್ಲೇಮಬಲ್, ಫ್ಲೇಮಬಲ್ ಎರಡಕ್ಕೂ ಒಂದೇ ಅರ್ಥ, ಬೇಗ ಬೆಂಕಿ ಹತ್ತುತ್ತೆ. ಹಾಗೇ ಇನ್‌ವ್ಯಾಲ್ಯುಬಲ್ ಅಂದರೆ ಬೆಲೆ ಇಲ್ಲದ್ದು ಅಲ್ಲ, ಬೆಲೆ ಕಟ್ಟಲಾಗದ್ದು. ಇಂಥವನ್ನು ಮೊದಲ ವಾರವೇ ಹೇಳಿಬಿಟ್ಟರೆ ಒಳ್ಳೆಯದು ಅಂತ ಅವರಿಗೇ ಹೇಳಿದ್ದೇನೆ. ಮುಂದಿನ ಬ್ಯಾಚಿಗೆ ಹಾಗೇ ಮಾಡುತ್ತೇನೆ ಅಂದರು.

ಹೋಗುವವರು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಹೋಗಿ. ಜೆರಾಕ್ಸ್ ನಂಬಬೇಡಿ, ಬೋರ್ಡಿನಲ್ಲಿ ಬರೆದದ್ದನ್ನೆಲ್ಲ ಬರೆದುಕೊಳ್ಳಿ. ಒಂಬತ್ತಕ್ಕೆ ಸರಿಯಾಗಿ ಶುರು, ತಡವಾದರೆ ಹಿಂದಿನ ಬೆಂಚು, ಅಲ್ಲಿಂದ ಬೋರ್ಡು ಸರಿಯಾಗಿ ಕಾಣುವುದಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಪದದ ಕೊನೆಗೆ ಸೇರುವ ತುಣುಕುಗಳ ಕ್ಲಾಸು ದೀಪಾವಳಿ ಆದ ಮೇಲಂತೆ. ನಮ್ಮ ಲ್ಯಾಬಿನಲ್ಲಿ ದಿನಾ ಕಾಣುವ ಹೆಪಟೈಟಿಸ್, ಗ್ಯಾಸ್ಟ್ರೈಟಿಸ್, ಅನೀಮಿಯ ಎಲ್ಲ ಅದರಲ್ಲಿ ಬರುತ್ತವಂತೆ. ಹೋದ ಭಾನುವಾರವೇ 500 ರೂಪಾಯಿ ಮುಂಗಡ ಕೊಟ್ಟು ಹೆಸರು ಬರೆಸಿ ಬಂದಿದ್ದೇನೆ.