ಹೂವಿನ ವರ್ಣಚಿತ್ರ ಕೊಳ್ಳುವ ಮುನ್ನ ಕ್ಯಾನ್ವಾಸಿನ ಬೆನ್ನು ನೋಡಿ

ಅಂತರ್ಜಾಲದಲ್ಲಿ ‘ಕೈಯಿಂದ ಬರೆದ ಮೂಲ ಕೃತಿ’ ಎಂದು ಮಾರಾಟಕ್ಕಿಟ್ಟ ಹೂವಿನ ಚಿತ್ರಗಳಲ್ಲಿ ಕೆಲವನ್ನು ಯಾರೂ ಕೈಯಿಂದ ಬರೆದಿರುವುದಿಲ್ಲ. ಇಂಕ್‌ಜೆಟ್ ಯಂತ್ರದಲ್ಲಿ ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿ, ಅದರ ಮೇಲೆ ಪಾರದರ್ಶಕ ಜೆಲ್ ಬಳಿದು, ಕುಂಚದ ಗೆರೆಗಳಂತೆ ಕಾಣಿಸಿ ಮಾರುತ್ತಾರೆ. ಅಂಥದ್ದೊಂದಕ್ಕೆ ನಾನು 38,000 ರೂಪಾಯಿ ಕೊಟ್ಟಿದ್ದೇನೆ. ಗೃಹಪ್ರವೇಶದ ಉಡುಗೊರೆಗೆಂದೋ ಹೊಸ ಮನೆಯ ಹಜಾರಕ್ಕೆಂದೋ ಚಿತ್ರ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಚಿತ್ರ ಬಹಳ ಚೆಂದವಿತ್ತು. ಹಿತ್ತಾಳೆಯ ಚೊಂಬಿನಲ್ಲಿ ಕಿತ್ತಳೆ ಬಣ್ಣದ ಡೇಲಿಯಾ, ಹಳದಿ ಸೇವಂತಿಗೆ, ಪಕ್ಕಕ್ಕೆ ಬಾಗಿದ ಒಂದು ಕೆಂಪು ದಾಸವಾಳ. ಚೊಂಬಿನ ಕೆಳಗೆ ಇಳಕಲ್ ಸೀರೆಯ ಸೆರಗು. ನಮ್ಮ ರಾಜ್ಯದವರೇ ಆದ ಸಮಕಾಲೀನ ಕಲಾವಿದೆಯೊಬ್ಬರು ಹೀಗೆ ಮನೆಯ ಹೂವು, ಮನೆಯ ಪಾತ್ರೆಗಳನ್ನಿಟ್ಟು ಸ್ಟಿಲ್ ಲೈಫ್ ಬರೆಯುತ್ತಾರೆ. ಅವರ ಬಣ್ಣಗಳಲ್ಲಿ ಹಬ್ಬದ ದಿನ ಹೂವಿನ ಅಂಗಡಿಯ ಮುಂದೆ ನಿಂತಾಗಿನ ಹಿಗ್ಗು ಇರುತ್ತದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ವಂಚನೆಯಲ್ಲಿ ನನಗಿಂತ ಹೆಚ್ಚು ಕಳೆದುಕೊಂಡವರು ಅವರು.

ಮಾರಾಟದ ಪುಟದಲ್ಲಿ ‘ಮೂಲ ಕಲಾಕೃತಿ, ಕಲಾವಿದರ ಸಹಿಯೊಂದಿಗೆ’ ಎಂದು ದೊಡ್ಡಕ್ಷರದಲ್ಲಿತ್ತು. ಹಣ ಕಟ್ಟುವ ಮೊದಲು ದೂರವಾಣಿ ಮಾಡಿ, ಇದು ಕುಂಚದಲ್ಲಿ ಬರೆದದ್ದೇ ಎಂದು ಕೇಳಿದೆ. ‘ಹೌದು ಮೇಡಂ, ಮೇಲೆ ಕೈಯಾಡಿಸಿದರೆ ಬಣ್ಣದ ದಪ್ಪ ನಿಮಗೇ ತಿಳಿಯುತ್ತದೆ’ ಎಂದರು. ಚಿತ್ರ ಬಂತು. ಕೈಯಾಡಿಸಿದಾಗ ದಪ್ಪವೂ ತಿಳಿಯಿತು. ಮಿರುಗುವ ಹೊಲೊಗ್ರಾಮ್ ಅಂಟಿಸಿದ ಪ್ರಮಾಣಪತ್ರ ಜೊತೆಗಿತ್ತು. ಅದರ ಮೂಲೆಯಲ್ಲಿ 7/50 ಎಂಬ ಸಂಖ್ಯೆ.

ಚೌಕಟ್ಟು ಹಾಕಿಸಲು ಒಯ್ದಾಗ ನಿಜ ಹೊರಬಿತ್ತು. ನಮ್ಮ ಬಡಾವಣೆಯಲ್ಲಿ ಆ ಕೆಲಸ ಮಾಡುವ ಹಿರಿಯರು ಚಿತ್ರವನ್ನು ಕಿಟಕಿಯ ಕಡೆ ಓರೆಯಾಗಿ ಹಿಡಿದರು, ಸುಮ್ಮನಾದರು. ಆಮೇಲೆ ಮೇಜಿನ ಖಾನೆಯಿಂದ ಸಣ್ಣ ಭೂತಗನ್ನಡಿ ತೆಗೆದು ನನ್ನ ಕೈಗೇ ಕೊಟ್ಟರು. ‘ಡೇಲಿಯಾದ ಎಸಳು ನೋಡಿ ಮೇಡಂ. ಬಣ್ಣದ ಗೆರೆ ಮೇಲಕ್ಕೆ ಹೋಗುತ್ತಿದೆ, ಉಬ್ಬು ಅಡ್ಡಕ್ಕೆ ಹೋಗುತ್ತಿದೆ. ಬರೆದವರು ಒಬ್ಬರಾಗಿದ್ದರೆ ಎರಡೂ ಒಂದೇ ಕಡೆ ಹೋಗಬೇಕಲ್ಲ?’

ನೋಡಿದೆ. ಜೆಲ್ಲಿನ ಉಬ್ಬು ಒಂದು ಎಸಳಿನಿಂದ ಶುರುವಾಗಿ, ಎಸಳಿನ ಅಂಚು ದಾಟಿ, ಹಿನ್ನೆಲೆಯ ನೀಲಿಗೆ ಇಳಿದು ಹೋಗಿತ್ತು. ಬಣ್ಣ ಮಾತ್ರ ಅದರ ಕೆಳಗೆ ತನ್ನ ಪಾಡಿಗೆ ತಾನಿತ್ತು. ಬರಿಗಣ್ಣಿಗೆ ಒಂದೇ ಕಿತ್ತಳೆಯಾಗಿ ಕಂಡದ್ದು ಗಾಜಿನಡಿ ಹಳದಿ ಮತ್ತು ಗುಲಾಬಿಗೆಂಪು ಚುಕ್ಕೆಗಳಾಗಿ ಒಡೆಯಿತು. ಸಹಿಯನ್ನು ನೋಡಿದೆ, ಅದೂ ಚುಕ್ಕೆಗಳೇ. ಕಲಾವಿದೆಯ ಕೈ ಆ ಕ್ಯಾನ್ವಾಸನ್ನು ಮುಟ್ಟಿಯೇ ಇರಲಿಲ್ಲ. ನನಗಾದ ಸಂಕಟಕ್ಕಿಂತ ಸಿಟ್ಟು ಹೆಚ್ಚಾಗಿತ್ತು, ಇಂದಿಗೂ ಇದೆ.

ಮಾರಾಟಗಾರರ ಉತ್ತರ ಇನ್ನೂ ಕೆಟ್ಟದಾಗಿತ್ತು. ಪುಟದ ಕೊನೆಯಲ್ಲಿ ‘ಝೀಕ್ಲೇ’ ಎಂದು ಬರೆದಿದ್ದೇವಲ್ಲ ಎಂದರು. ಅದು ಇಂಕ್‌ಜೆಟ್ ಮುದ್ರಣಕ್ಕೆ 1991ರಲ್ಲಿ ಅಮೆರಿಕದ ಮುದ್ರಕ ಜಾಕ್ ಡುಗಾನ್ ಇಟ್ಟ ಹೆಸರು. ಮೇಲೆ ‘ಮೂಲ ಕಲಾಕೃತಿ’ ಎಂದು ಕೂಗಿ ಹೇಳಿ, ಫೋನಿನಲ್ಲಿ ಹೌದೆಂದು ನಂಬಿಸಿ, ಕೆಳಗೆ ಸಣ್ಣಕ್ಷರದಲ್ಲಿ ಈ ಒಂದು ಪದ ಅಡಗಿಸಿಟ್ಟರೆ ಅದನ್ನು ಮಾಹಿತಿ ಕೊಟ್ಟದ್ದು ಎನ್ನಲಾಗದು, ಮೋಸ ಎನ್ನಬೇಕು.

ಮುದ್ರಿತ ಪ್ರತಿ ಕೀಳು ಎಂದು ನಾನು ಹೇಳುತ್ತಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆಯೇ ಅವರ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯರ ಮನೆಯ ಗೋಡೆಗೆ ಬಂದರು. ಕೊಂಡವರಿಗೆ ಅದು ಅಚ್ಚಿನ ಪಟವೆಂದು ಗೊತ್ತಿತ್ತು, ಅಚ್ಚಿನ ಪಟದ ಬೆಲೆಯನ್ನೇ ಕೊಟ್ಟರು. ಈಚಿನ ಉದಾಹರಣೆ ಬೇಕಿದ್ದರೆ ಬ್ರಿಟನ್ನಿನ ಚಿತ್ರಕಲಾವಿದ ಡೇವಿಡ್ ಹಾಕ್ನಿ ಇದ್ದಾರೆ. 2021ರಲ್ಲಿ ಫ್ರಾನ್ಸಿನ ನಾರ್ಮಂಡಿಯ ತಮ್ಮ ಮನೆಯಲ್ಲಿ ಕುಳಿತು ಹೂದಾನಿಗಳ ಒಂದು ಸರಣಿಯನ್ನೇ ಐಪ್ಯಾಡಿನಲ್ಲಿ ಬರೆದರು. ಅಲ್ಲಿ ಮುದ್ರಿತ ಹಾಳೆಯೇ ಕೃತಿ, ಅದರ ಹಿಂದೆ ಬೇರೊಂದು ಕ್ಯಾನ್ವಾಸ್ ಇಲ್ಲ. ಅದನ್ನು ಯಾರೂ ಮುಚ್ಚಿಡಲಿಲ್ಲ. ನಮ್ಮ ಕಲಾವಿದರಲ್ಲೂ ಎಷ್ಟೋ ಮಂದಿ ತಮ್ಮ ಚಿತ್ರದ ಮುದ್ರಿತ ಪ್ರತಿಗಳನ್ನು ಪ್ರಾಮಾಣಿಕವಾಗಿ, ಕೈಗೆಟುಕುವ ಬೆಲೆಗೆ ಮಾರುತ್ತಾರೆ. ಅಂಥವನ್ನು ಸಂತೋಷದಿಂದ ಕೊಳ್ಳಿ.

ಇನ್ನು ಆ 7/50. ಐವತ್ತು ಪ್ರತಿಗಳಲ್ಲಿ ಇದು ಏಳನೆಯದು ಎಂದು ಅದರ ಅರ್ಥ. ಕುಂಚದಲ್ಲಿ ಬರೆದ ಚಿತ್ರ ಒಂದೇ ಇರುವುದರಿಂದ ಅದಕ್ಕೆ ಇಂಥ ಸಂಖ್ಯೆ ಇರುವುದಿಲ್ಲ. ‘ಮೂಲ ವರ್ಣಚಿತ್ರ’ ಎಂಬ ಮಾತು ಮತ್ತು ಈ ಸಂಖ್ಯೆ ಎರಡೂ ಒಟ್ಟಿಗೆ ಕಂಡರೆ ಅಲ್ಲಿಯೇ ವ್ಯವಹಾರ ನಿಲ್ಲಿಸಿ. ನಿಜವಾದ ಸೀಮಿತ ಪ್ರತಿಗಳಲ್ಲಿ ಸಾಮಾನ್ಯವಾಗಿ ಚಿತ್ರದ ಕೆಳಗಿನ ಖಾಲಿ ಅಂಚಿನಲ್ಲಿ ಸಂಖ್ಯೆಯನ್ನೂ ಸಹಿಯನ್ನೂ ಪೆನ್ಸಿಲಿನಲ್ಲಿ ಬರೆದಿರುತ್ತಾರೆ. ಓರೆ ಬೆಳಕಿಗೆ ಹಿಡಿದರೆ ಸೀಸದ ಹೊಳಪು ಕಾಣುತ್ತದೆ.

ಆ ಹಿರಿಯರು ಕಲಿಸಿದ ಇನ್ನೊಂದು ಪರೀಕ್ಷೆ ಇದಕ್ಕಿಂತ ಸುಲಭ. ಕ್ಯಾನ್ವಾಸನ್ನು ಬಿಸಿಲಿಗೆ ಎತ್ತಿ ಹಿಡಿದು ಹಿಂಬದಿಯಿಂದ ನೋಡಿ. ಕುಂಚದಲ್ಲಿ ಬರೆದಿದ್ದರೆ ಬಣ್ಣ ಒಂದೆಡೆ ದಪ್ಪ, ಒಂದೆಡೆ ತೆಳು ಇರುತ್ತದೆ. ಬೆಳಕು ಅಲ್ಲಲ್ಲಿ ಮಾತ್ರ ತೂರಿ ಬರುತ್ತದೆ. ಅಚ್ಚಾದದ್ದಾಗಿದ್ದರೆ ಬೆಳಕು ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತದೆ. ಅಂಚುಗಳನ್ನೂ ನೋಡಬೇಕು. ಬರೆದವರ ಕೈಯಿಂದ ಬಣ್ಣ ಜಿನುಗಿದ, ಒರೆಸಿದ ಗುರುತು ಹೆಚ್ಚಾಗಿ ಅಲ್ಲಿ ಉಳಿದಿರುತ್ತದೆ. ದೂರದಿಂದ ಕೊಳ್ಳುವವರು ಹಿಂಬದಿಯ ಮತ್ತು ಅಂಚಿನ ಫೋಟೊ ಕೇಳಿ. ಒಂದು ಹೂವನ್ನು ತೀರ ಹತ್ತಿರದಿಂದ, ಓರೆ ಬೆಳಕಿನಲ್ಲಿ ತೆಗೆದ ವಿಡಿಯೊ ಕೇಳಿ. ಕೊಡಲು ಹಿಂದೆಮುಂದೆ ನೋಡುವವರಿಂದ ಕೊಳ್ಳಬೇಡಿ.

ಮುದ್ರಿತ ಪ್ರತಿಯೇ ಸಾಕು ಎನ್ನುವವರೂ ಶಾಯಿ ಯಾವುದೆಂದು ಕೇಳಲೇಬೇಕು. ಬಣ್ಣ ಪೂರ್ತಿ ಕರಗಿರುವ ಅಗ್ಗದ ಡೈ ಶಾಯಿ ಬೆಳಕಿಗೆ ಬೇಗ ಮಾಸುತ್ತದೆ, ಬಣ್ಣದ ಸೂಕ್ಷ್ಮ ಕಣಗಳಿರುವ ಪಿಗ್ಮೆಂಟ್ ಶಾಯಿ ಅದಕ್ಕಿಂತ ಬಹುಕಾಲ ನಿಲ್ಲುತ್ತದೆ. ಚಿತ್ರದ ಜೀವವೇ ಗುಲಾಬಿ, ಕೆಂಪು, ಹಳದಿಗಳಲ್ಲಿರುವಾಗ ಅವು ಮಾಸಿದ ಮೇಲೆ ಗೋಡೆಯ ಮೇಲೆ ಏನುಳಿದೀತು? ಆಮ್ಲರಹಿತ ಹತ್ತಿ ಕಾಗದವೇ ಎಂದೂ ವಿಚಾರಿಸಿ.

ಕಲಾವಿದೆಯನ್ನು ಅವರ ಪುಟದ ಮೂಲಕ ಸಂಪರ್ಕಿಸಿದೆ. ಅವರ ಉತ್ತರ ಓದಿ ಹೊಟ್ಟೆ ಉರಿಯಿತು. ಮೂಲ ಚಿತ್ರ ಕ್ಯಾನ್ವಾಸಿನ ಮೇಲೆ ಇಲ್ಲವೇ ಇಲ್ಲ. ಕಾಗದದ ಮೇಲೆ ಗುವಾಷ್ ಎಂಬ, ನೀರಿನಲ್ಲಿ ಕಲಸುವ ದಟ್ಟ ಬಣ್ಣದಲ್ಲಿ ಬರೆದದ್ದು, ನನಗೆ ಬಂದದ್ದರ ಅರ್ಧದಷ್ಟೂ ದೊಡ್ಡದಲ್ಲ. ಅವರು ಸಾಮಾಜಿಕ ಜಾಲತಾಣದಲ್ಲಿ ಹಾಕಿದ್ದ ಫೋಟೊವನ್ನು ಯಾರೋ ಎತ್ತಿಕೊಂಡು ಹಿಗ್ಗಿಸಿ ಅಚ್ಚು ಹಾಕಿದ್ದರು. ಮೂಲವನ್ನು ಅವರು ಹಿಂದೆಯೇ ಒಬ್ಬರಿಗೆ ಮಾರಿದ್ದರು. ಆದರೆ ಚಿತ್ರವನ್ನು ಮಾರಿದ ಮಾತ್ರಕ್ಕೆ ಅದನ್ನು ಅಚ್ಚು ಹಾಕುವ ಹಕ್ಕು ಕೊಂಡವರಿಗೆ ಹೋಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಹಕ್ಕನ್ನು ಬಿಟ್ಟುಕೊಡಲು ಲಿಖಿತ ಒಪ್ಪಂದ ಬೇಕು. ಹಾಗಾಗಿ ಮಾರಾಟಗಾರರನ್ನು ಕೇಳಿ: ಅಚ್ಚು ಹಾಕಲು ಕಲಾವಿದರು ಕೊಟ್ಟ ಒಪ್ಪಿಗೆಪತ್ರ ಎಲ್ಲಿ?

ಸಾಧ್ಯವಾದರೆ ಬರೆದವರಿಂದಲೇ ಕೊಳ್ಳಿ. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ತಾವೇ ಚಿತ್ರಗಳ ಪಕ್ಕ ಕುಳಿತಿರುತ್ತಾರೆ. ಯಾವ ಬಣ್ಣ, ಯಾವ ಕಾಗದ, ಪ್ರತಿಗಳು ಎಷ್ಟು ಎಂದು ಕೇಳಿದರೆ ಹೇಳುತ್ತಾರೆ. ಬಿಲ್ಲಿನಲ್ಲಿ ಮಾಧ್ಯಮ, ಅಳತೆ, ‘ಮೂಲ’ ಅಥವಾ ‘ಮುದ್ರಿತ’ ಎಂಬುದನ್ನು ಬರೆಸಿಕೊಳ್ಳಿ.

ಈಗಾಗಲೇ ಮೋಸಹೋದವರು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಮಾರಾಟಗಾರರು ಯಾವ ಊರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ನನ್ನ ದೂರು ಈಗ ಆಯೋಗದ ಮುಂದಿದೆ, ಹಣ ಇನ್ನೂ ಬಂದಿಲ್ಲ.

ದೂರಿನ ಜೊತೆ ನನ್ನಲ್ಲಿ ಗಟ್ಟಿಯಾಗಿ ನಿಂತ ಸಾಕ್ಷಿ ಎಂದರೆ ಕೊಳ್ಳುವ ದಿನವೇ ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ಮಾರಾಟದ ಪುಟದ ಸ್ಕ್ರೀನ್‌ಶಾಟ್. ನಾನು ದೂರುವ ಹೊತ್ತಿಗೆ ಆ ಪುಟದಲ್ಲಿ ‘ಮೂಲ ಕಲಾಕೃತಿ’ ಎಂಬ ಮಾತನ್ನು ಅಳಿಸಿ ಹಾಕಿದ್ದರು. ಆದ್ದರಿಂದ ಹಣ ಕಟ್ಟುವ ಮೊದಲೇ ಇಡೀ ಪುಟವನ್ನು, ವಿಳಾಸ ಮತ್ತು ದಿನಾಂಕ ಕಾಣುವಂತೆ, ಸಣ್ಣಕ್ಷರದ ಕೊನೆಯ ಸಾಲಿನವರೆಗೂ ಉಳಿಸಿಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲಿಯೂ ಬರೆದು ಕಳಿಸುವಂತೆ ಕೇಳಿ.